ಅಂಗಾಂಗ ಕಸಿ ಮತ್ತು ಲೇಟೆಕ್ಸ್ ಅಲರ್ಜಿ: ಎಚ್ಚರ ವಹಿಸಬೇಕಾದ ಹಂತ

ಸ್ಪೈನಾ ಬೈಫಿಡಾ ಇರುವ ಅನೇಕ ಮಕ್ಕಳಲ್ಲಿ ಬೆನ್ನುಹುರಿಯ ದೋಷದಿಂದಾಗಿ ಮೂತ್ರಕೋಶ ಪೂರ್ತಿ ಖಾಲಿಯಾಗುವುದಿಲ್ಲ. ಒತ್ತಡ ಮತ್ತು ಸೋಂಕಿನಿಂದ ಕೆಲವರ ಮೂತ್ರಪಿಂಡಗಳು ಕೆಟ್ಟು, ಕಸಿಯೇ ದಾರಿಯಾಗುತ್ತದೆ. ಅಷ್ಟರೊಳಗೆ ಹಲವು ಶಸ್ತ್ರಚಿಕಿತ್ಸೆಗಳಾಗಿರುತ್ತವೆ, ದಿನಕ್ಕೆ ಹಲವು ಬಾರಿ ಕ್ಯಾತಿಟರ್ ಹಾಕಿರುತ್ತಾರೆ. ಹೀಗೆ ಗ್ಲೌಸ್, ಕ್ಯಾತಿಟರ್‌ಗಳಲ್ಲಿನ ಲೇಟೆಕ್ಸ್‌ನ, ಅಂದರೆ ರಬ್ಬರ್ ಮರದ ಹಾಲಿನ, ಪ್ರೋಟೀನು ಲೋಳೆಪೊರೆಗೆ ಮತ್ತೆ ಮತ್ತೆ ತಗುಲಿ, ಅದರ ವಿರುದ್ಧ ದೇಹದಲ್ಲಿ ಐಜಿಇ ಪ್ರತಿಕಾಯಗಳು ಬೆಳೆಯುತ್ತವೆ. ಲೇಟೆಕ್ಸ್ ಅಲರ್ಜಿಯ ಅಪಾಯ ಅತಿ ಹೆಚ್ಚಿರುವ ಗುಂಪುಗಳಲ್ಲಿ ಈ ಮಕ್ಕಳದ್ದೂ ಒಂದು.

ಕಸಿಯ ವೇಳೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸಲು ಕೊಡುವ ಸ್ಟೀರಾಯ್ಡ್, ಟ್ಯಾಕ್ರೋಲಿಮಸ್‌ಗಳು ಈ ಅಲರ್ಜಿಯನ್ನೂ ತಡೆಯುತ್ತವೆ ಎಂದು ನೆಚ್ಚಿಕೊಳ್ಳುವಂತಿಲ್ಲ. ಪ್ರತಿಕ್ರಿಯೆಯನ್ನು ಗುರುತಿಸುವುದೂ ಸುಲಭವಲ್ಲ. ರಕ್ತನಾಳದ ಮೂಲಕ ಕೊಟ್ಟ ಆ್ಯಂಟಿಬಯಾಟಿಕ್ ಒಗ್ಗದಿದ್ದರೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ. ಲೇಟೆಕ್ಸ್ ಪ್ರತಿಕ್ರಿಯೆ ಹಲವೊಮ್ಮೆ ಶಸ್ತ್ರಚಿಕಿತ್ಸೆ ಶುರುವಾಗಿ ಅರ್ಧ ಗಂಟೆಯೋ ಇನ್ನೂ ಹೆಚ್ಚೋ ಕಳೆದ ಮೇಲೆ ಬರುತ್ತದೆ. ಮೈಮೇಲಿನ ದದ್ದುಗಳು ಹೊದಿಕೆಯಡಿ ಮರೆಯಾಗಿರುತ್ತವೆ; ರಕ್ತದೊತ್ತಡ ಕುಸಿದರೆ ರಕ್ತಸ್ರಾವವನ್ನೋ ರಕ್ತನಾಳದ ಕ್ಲ್ಯಾಂಪ್ ಬಿಚ್ಚಿದ್ದನ್ನೋ ಕಾರಣವೆಂದುಕೊಳ್ಳುವುದು ಸಹಜ. ಸಂದೇಹ ಬಂದ ಕೂಡಲೇ ಅಡ್ರಿನಲಿನ್ ಕೊಡಬೇಕು, ಲೇಟೆಕ್ಸ್ ವಸ್ತುಗಳನ್ನೆಲ್ಲ ತೆಗೆಯಬೇಕು. ತೀವ್ರ ಅಲರ್ಜಿಯಲ್ಲಿ ಏರುವ ಟ್ರಿಪ್ಟೇಸ್‌ನ ಮಟ್ಟವನ್ನು ಒಂದೆರಡು ಗಂಟೆಯೊಳಗೆ ತೆಗೆದ ರಕ್ತದಲ್ಲಿ ಅಳೆದು, ಅದನ್ನು 24 ಗಂಟೆಗಳ ನಂತರದ ಮಟ್ಟದೊಂದಿಗೆ ಹೋಲಿಸಿದರೆ ರೋಗನಿರ್ಣಯಕ್ಕೆ ಆಧಾರ ಸಿಗುತ್ತದೆ.

ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರ ಜನವರಿಯಿಂದ ಪುಡಿ ಹಾಕಿದ ವೈದ್ಯಕೀಯ ಗ್ಲೌಸ್‌ಗಳನ್ನು ನಿಷೇಧಿಸಿತು. ಪ್ರೋಟೀನನ್ನು ಗಾಳಿಗೆ ಹರಡುತ್ತಿದ್ದದ್ದು ಆ ಪುಡಿ. ಆದರೆ ಪುಡಿಯಿಲ್ಲದ ಲೇಟೆಕ್ಸ್ ಗ್ಲೌಸ್‌ನಲ್ಲೂ ಪ್ರೋಟೀನು ಇರುತ್ತದೆ. ಅಲರ್ಜಿ ಇರುವವರಿಗೆ ಪಾಲಿಐಸೊಪ್ರೀನ್ ಅಥವಾ ನಿಯೋಪ್ರೀನ್ ಗ್ಲೌಸ್, ಸಿಲಿಕೋನ್ ಕ್ಯಾತಿಟರ್‌ಗಳೇ ಬೇಕು.

ಕಸಿಗೇ ವಿಶಿಷ್ಟವಾದ ತೊಡಕು ಇನ್ನೊಂದಿದೆ. ಮಿದುಳು ನಿಷ್ಕ್ರಿಯಗೊಂಡ ದಾನಿಯ ಅಂಗವನ್ನು ಎಷ್ಟೋ ಸಲ ಬೇರೆ ಆಸ್ಪತ್ರೆಯಲ್ಲಿ, ಬೇರೆ ತಂಡ ತೆಗೆಯುತ್ತದೆ. ಆ ತಂಡವೂ ಲೇಟೆಕ್ಸ್ ಇಲ್ಲದ ಗ್ಲೌಸ್ ಧರಿಸಿದರೆ ಅಂಗದ ಮೇಲ್ಮೈಗೆ ಪ್ರೋಟೀನು ಅಂಟಿ ಬರುವ ಸಾಧ್ಯತೆಯೇ ಉಳಿಯದು. ಅಂಗ ಸಿಕ್ಕಿದೆ ಎಂಬ ಕರೆ ನಡುರಾತ್ರಿ ಬಂದೀತು. ಆಗ ಸಾಮಗ್ರಿ ಹುಡುಕಲು ಸಮಯವಿರದು. ಆದ್ದರಿಂದ ಕಾಯುವ ಪಟ್ಟಿಯಲ್ಲಿ ಹೆಸರು ಬರೆಸುವಾಗಲೇ ಎಚ್ಚರ ಆರಂಭವಾಗಬೇಕು. ಬಲೂನು ಊದಿದಾಗ ತುಟಿ ಬಾತಿತ್ತೇ? ಬಾಳೆಹಣ್ಣು, ಬೆಣ್ಣೆಹಣ್ಣು, ಕಿವಿ ಹಣ್ಣು ತಿಂದಾಗ ಬಾಯಿ ತುರಿಸುತ್ತದೆಯೇ? ಹಿಂದಿನ ಶಸ್ತ್ರಚಿಕಿತ್ಸೆಯಲ್ಲಿ ಕಾರಣ ತಿಳಿಯದೆ ರಕ್ತದೊತ್ತಡ ಕುಸಿದಿತ್ತೇ? ಹೌದೆಂದವರಿಗೆ ಅಲರ್ಜಿ ಪರೀಕ್ಷೆ ಆಗಲೇ ಆಗಬೇಕು.

ಕರ್ನಾಟಕದಲ್ಲಿ ಅಂಗಾಂಗ ಹಂಚಿಕೆಯ ಸಮನ್ವಯ ಜೀವಸಾರ್ಥಕತೆ ಸಂಸ್ಥೆಯದ್ದು. ಕಸಿ ಕೇಂದ್ರಗಳು ರೋಗಿಯ ರಕ್ತದ ಗುಂಪಿನಷ್ಟೇ ಸ್ಪಷ್ಟವಾಗಿ ಲೇಟೆಕ್ಸ್ ಅಲರ್ಜಿಯನ್ನೂ ದಾಖಲಿಸಿ, ಅಂಗ ತೆಗೆಯುವ ತಂಡಕ್ಕೆ ಮೊದಲ ಕರೆಯಲ್ಲೇ ತಿಳಿಸುವ ರೂಢಿ ಬೆಳೆಸಿಕೊಳ್ಳಬೇಕು.