ಬಿಳಿ ಸೈಕಲ್ಲಿಗೆ ಬಿದ್ದ ಬೀಗ

ನಮ್ಮ ಊರುಗಳಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಕೊಡುತ್ತಿದ್ದ ಅಂಗಡಿಗಳು ಹಲವರಿಗೆ ನೆನಪಿರಬಹುದು. ಅಲ್ಲಿ ದುಡ್ಡಿಗಿಂತ ಮುಖಪರಿಚಯ ಮುಖ್ಯ. ಅಂಗಡಿಯವನಿಗೆ ಗುರುತಿದ್ದ ಹುಡುಗನಿಗೆ ಸೈಕಲ್ ಸಿಗುತ್ತಿತ್ತು, ಪರಊರಿನವನಿಗೆ ಕಷ್ಟ. ಗುರುತಿಲ್ಲದವನಿಗೂ ಸೈಕಲ್ ಕೊಡುವುದು ಹೇಗೆ ಎಂಬ ಪ್ರಶ್ನೆಗೆ ನಗರಗಳು ಉತ್ತರ ಹುಡುಕತೊಡಗಿ ಅರ್ಧ ಶತಮಾನ ದಾಟಿದೆ.

1965ರಲ್ಲಿ ಹಾಲೆಂಡಿನ ಆಮ್‌ಸ್ಟರ್‌ಡಾಂನಲ್ಲಿ 'ಪ್ರೊವೊ' ಎಂಬ ತರುಣರ ಗುಂಪೊಂದು, ಕಾರುಗಳ ಹಾವಳಿಗೆ ರೋಸಿ, ಕೆಲವು ಸೈಕಲ್ಲುಗಳಿಗೆ ಬಿಳಿ ಬಣ್ಣ ಬಳಿದು ಬೀಗವಿಲ್ಲದೆ ಬೀದಿಯಲ್ಲಿಟ್ಟಿತು. ಬೇಕಾದವರು ಹತ್ತಿ ಹೋಗಬಹುದು, ಇಳಿದಲ್ಲಿ ಬಿಡಬಹುದು. ಸ್ವಾರಸ್ಯವೆಂದರೆ ಅವನ್ನು ಎತ್ತಿಕೊಂಡು ಹೋದವರು ಪೊಲೀಸರು! ಬೀಗ ಹಾಕದೆ ಸೈಕಲ್ ಬಿಡುವುದು ಅಲ್ಲಿನ ಕಾನೂನಿಗೆ ವಿರುದ್ಧವಾಗಿತ್ತು. ತರುಣರು ಆಗ ಅಂಕಿಯ ಬೀಗ ಜಡಿದು, ಅದನ್ನು ತೆರೆಯುವ ಅಂಕಿಗಳನ್ನು ಸೈಕಲ್ಲಿನ ಮೇಲೆಯೇ ಬರೆದರು. ಇದನ್ನು ದೊಡ್ಡದಾಗಿ ನಡೆಸಲು ನಗರಸಭೆ ಒಪ್ಪಲಿಲ್ಲ.

ಮುಂದೆ ಬಂದವರು ನಂಬಿಕೆಯ ಜಾಗದಲ್ಲಿ ಠೇವಣಿ ಇಟ್ಟರು. 1995ರಲ್ಲಿ ಕೋಪನ್‌ಹೇಗನ್ ನಗರ 20 ಕ್ರೋನರ್ ನಾಣ್ಯ ತೂರಿಸಿದರೆ ಬಿಚ್ಚಿಕೊಳ್ಳುವ ಸೈಕಲ್ ತಂದಿತು. ವಾಪಸು ತಂದಾಗ ನಾಣ್ಯ ಕೈಗೆ. ನಾಣ್ಯಕ್ಕೆ ಹೆಸರಿಲ್ಲವಾದ್ದರಿಂದ ಕಳವು ನಿಲ್ಲಲಿಲ್ಲ. 1998ರಲ್ಲಿ ಫ್ರಾನ್ಸಿನ ರೆನ್ ನಗರ ಒಯ್ದವರ ಗುರುತು ಹಿಡಿಯುವ ಕಾರ್ಡ್ ಕೊಟ್ಟಿತು. 2007ರಲ್ಲಿ ಪ್ಯಾರಿಸ್‌ನ 'ವೆಲಿಬ್' ಸಾವಿರಾರು ಸೈಕಲ್ಲುಗಳನ್ನು ಬೀದಿಗಿಳಿಸಿತು. ಬಾಡಿಗೆ ಅಗ್ಗವಿತ್ತು, ಆದರೆ 150 ಯೂರೋ ಭದ್ರತೆಗೆ ಬ್ಯಾಂಕ್ ಖಾತೆ ಬೇಕಿತ್ತು. ಕಳ್ಳನಿಗೆ ಹಾಕಿದ ಬೀಗ ಬಡವನಿಗೂ ಬಿತ್ತು.

ನಿಲ್ದಾಣ ಎಲ್ಲಿರಬೇಕೆಂಬುದೂ ಸಣ್ಣ ಮಾತಲ್ಲ. ಪ್ಯಾರಿಸ್ಸಿನ ಜನ ದಿಬ್ಬದಿಂದ ಸೈಕಲ್ಲಿನಲ್ಲಿ ಇಳಿಯುತ್ತಿದ್ದರು, ಹತ್ತುವಾಗ ಮಾತ್ರ ಮೆಟ್ರೋ, ಬಸ್ಸು. ಮೇಲಿನ ನಿಲ್ದಾಣ ಖಾಲಿ, ಕೆಳಗಿನದು ಭರ್ತಿ. ತುಳಿದು ಹತ್ತಿದವರಿಗೆ 15 ನಿಮಿಷ ಹೆಚ್ಚುವರಿ ಸವಾರಿ ಕೊಡಬೇಕಾಯಿತು. ದಿಬ್ಬಕ್ಕೆ ಸಿಕ್ಕಿದ ಈ ಗಮನ ಬಡ ಕೇರಿಗಳಿಗೆ ಹಲವೆಡೆ ಸಿಗಲಿಲ್ಲ. ಸವಾರರು ಹೆಚ್ಚಿರುವ, ಜಾಹೀರಾತು ಕಾಣುವ ನಗರಮಧ್ಯವೇ ಮೊದಲು ಎಂಬುದು ಯೋಜಕರ ವಾಡಿಕೆ.

2017ರಲ್ಲಿ 450 ಸೈಕಲ್ಲುಗಳೊಂದಿಗೆ ಮೈಸೂರಿನಲ್ಲಿ ಶುರುವಾದ 'ಟ್ರಿಣ್ ಟ್ರಿಣ್' ಕೂಡ ಹೆಸರು ನೋಂದಾಯಿಸಿ ಕಾರ್ಡ್ ಪಡೆಯುವ ಪದ್ಧತಿಯದೇ ಆಗಿತ್ತು. ಅದಕ್ಕೆ ಎರಡು ವರ್ಷ ಮೊದಲು ಅಮೆರಿಕದ ಫಿಲಡೆಲ್ಫಿಯಾ ಬೇರೆ ದಾರಿ ಹಿಡಿದಿತ್ತು. ಅಲ್ಲಿನ 'ಇಂಡಿಗೊ' ಮೊದಲಿನಿಂದಲೇ ಬಡವರ ಬಡಾವಣೆಗಳಲ್ಲೂ ನಿಲ್ದಾಣ ಹಾಕಿತು. ಬ್ಯಾಂಕ್ ಕಾರ್ಡ್ ಇಲ್ಲದವರು ಹತ್ತಿರದ ಅಂಗಡಿಯಲ್ಲಿ ನಗದು ಕಟ್ಟಬಹುದಿತ್ತು. ಸರ್ಕಾರದ ಆಹಾರ ನೆರವು ಪಡೆಯುವವರಿಗೆ ಆಮೇಲೆ ರಿಯಾಯಿತಿ ಪಾಸೂ ಬಂತು. ಬೀಗ ಹಾಗೆಯೇ ಉಳಿಯಿತು. ಕೀಲಿಕೈ ಮಾತ್ರ ಮೂಲೆಯಂಗಡಿಯಲ್ಲೂ ಸಿಗುವಂತಾಯಿತು.