ಮೀಸಲು ಭೂಮಿಯ ಮನೆಗಳೂ ತೆರಿಗೆಯ ವಿನಾಯಿತಿಯೂ

ಕೆನಡಾ ದೇಶದ ಮೀಸಲು ಭೂಮಿಯಲ್ಲಿ ಮನೆಮಾಡಿಕೊಳ್ಳುವ ಮೂಲನಿವಾಸಿಗಳಿಗೆ ಆಸ್ತಿಯ ತೆರಿಗೆಯಿಲ್ಲವೆಂದು ಕೇಳಿದವರು ಸಾಮಾನ್ಯವಾಗಿ ಇದನ್ನು ರಾಜಾನುಗ್ರಹವೆಂದೇ ಭಾವಿಸುವರು. ನಮ್ಮ ಶಿಲಾಶಾಸನಗಳನ್ನು ಓದಿದವರಿಗಂತೂ ಸರ್ವಮಾನ್ಯದ ಅಗ್ರಹಾರಗಳು ಒಡನೆಯೇ ನೆನಪಿಗೆ ಬರುವುವು. ಈ ಸಾದೃಶ್ಯವು ಮೇಲುನೋಟದ್ದು. ಸರ್ವಮಾನ್ಯದಲ್ಲಿ ಭೂಮಿಯನ್ನು ಕೊಟ್ಟವನು ಅರಸು, ಪಡೆದವನು ಪ್ರತಿಗ್ರಹೀತೃ. ಅಲ್ಲಿಯಾದರೋ ನೆಲವು ಮೊದಲಿನಿಂದ ಯಾರದಾಗಿತ್ತೋ ಅವರ ಕೈಯಲ್ಲಿ ಶೇಷಮಾತ್ರ ಉಳಿದಿರುವುದು. ಆ ಶೇಷವೂ ಜಾರಿಹೋಗದಂತೆ ಕಟ್ಟಿದ ಬೇಲಿಯೇ ಈ ವಿನಾಯಿತಿಯೆಂಬುದನ್ನು ಕಾಯಿದೆಗಳ ಕ್ರಮದಿಂದಲೇ ತಿಳಿಯಬಹುದು.

1763ನೆಯ ಅಕ್ಟೋಬರ್ 7ರಂದು ಮೂರನೆಯ ಜಾರ್ಜ್ ದೊರೆಯು ಹೊರಡಿಸಿದ ಘೋಷಣೆಯಲ್ಲಿ, ಈ ಜನರ ನೆಲವನ್ನು ಖಾಸಗಿಯವರು ಕೊಳ್ಳಕೂಡದು, ಅವರೇ ಬಿಡಲಿಚ್ಛಿಸಿದಲ್ಲಿ ಬಹಿರಂಗ ಸಭೆಯಲ್ಲಿ ದೊರೆಗೆ ಮಾತ್ರ ಬಿಟ್ಟುಕೊಡಬಹುದು ಎಂದು ವಿಧಿಸಿತ್ತು. ತೆರಿಗೆಯ ಮಾತು ಬರುವುದು 1850ರಲ್ಲಿ, ಅಪ್ಪರ್ ಕೆನಡಾ ಪ್ರಾಂತಕ್ಕಾಗಿ ಮಾಡಿದ ಕಾಯಿದೆಯಲ್ಲಿ. ಇಂಡಿಯನ್ನರನ್ನು ವಂಚನೆಯಿಂದಲೂ ಅವರ ನೆಲವನ್ನು ಅತಿಕ್ರಮಣದಿಂದಲೂ ಕಾಪಾಡುವುದೆಂಬುದೇ ಅದರ ಹೆಸರಿನ ಅರ್ಥ. (ಈ ಇಂಡಿಯನ್ನರು ನಾವಲ್ಲ; ಕೊಲಂಬಸನ ಭ್ರಾಂತಿಯಿಂದ ಹುಟ್ಟಿದ ಆ ಹೆಸರು ಕೆನಡಾದ ಕಾಯಿದೆಯಲ್ಲಿ ಇಂದಿಗೂ ನಿಂತಿದೆ.) ಅವರ ನೆಲಕ್ಕೆ ತೆರಿಗೆ ಹಾಕಕೂಡದೆಂಬ ವಿಧಿಯೂ ಸಾಲದ ಬಲೆಯಲ್ಲಿ ಅವರನ್ನು ಸಿಕ್ಕಿಸದಂತೆ ತಡೆಯುವ ವಿಧಿಯೂ ಅದರಲ್ಲಿ ಜೊತೆಜೊತೆಯಾಗಿ ಬಂದಿವೆ. ಈ ಸಾಹಚರ್ಯವೇ ಮುಖ್ಯವಾದ ಗಮಕವೆಂದು ನಮ್ಮ ಅಭಿಪ್ರಾಯ. ಕಂದಾಯ ಬಾಕಿಯಾದರೆ ನೆಲ ಹರಾಜಾಗುವುದು, ಸಾಲ ತೀರದಿದ್ದರೂ ಅದೇ ಗತಿ. ಕಾಯಿದೆಯನ್ನು ರಚಿಸಿದವರು ಎರಡು ಬಾಗಿಲುಗಳನ್ನೂ ಒಮ್ಮೆಗೇ ಮುಚ್ಚಿದರು.

1876ರ ಇಂಡಿಯನ್ ಆಕ್ಟು ವಿನಾಯಿತಿಯನ್ನು ಉಳಿಸಿಕೊಂಡು, ಮೀಸಲಿನ ಹೊರಗಣ ಆಸ್ತಿಗೆ ಅದು ಸಲ್ಲದೆಂದು ಎಲ್ಲೆ ಹಾಕಿತು. ಈಗ ಜಾರಿಯಲ್ಲಿರುವ ಕಾಯಿದೆಯ 87ನೆಯ ಪ್ರಕರಣವು ವಿನಾಯಿತಿಯನ್ನೂ 89ನೆಯದು ಜಪ್ತಿ ಅಡಮಾನಗಳ ನಿಷೇಧವನ್ನೂ ಹೇಳುವುವು. 1990ರಲ್ಲಿ ಮಿಚೆಲ್ ಎಂಬವರಿಗೂ ಪೆಗ್ವಿಸ್ ಪಂಗಡಕ್ಕೂ ನಡೆದ ವ್ಯಾಜ್ಯದಲ್ಲಿ ಕೆನಡಾದ ಸರ್ವೋಚ್ಚ ನ್ಯಾಯಾಲಯದ ಲಾ ಫಾರೆಸ್ಟರು ಇವೆರಡನ್ನೂ ಕೂಡಿಸಿಯೇ ವಿವರಿಸಿ, ಇವು ಬಡತನ ನೀಗಿಸುವ ಸಹಾಯಗಳಲ್ಲ, ಆಸ್ತಿಹರಣವನ್ನು ತಡೆಯುವ ಸಾಧನಗಳು ಎಂಬ ತಾತ್ಪರ್ಯವನ್ನು ನಿರ್ಣಯಿಸಿದರು.

ಆದರೆ ಬೇಲಿಯು ಒಳಗಿನವನನ್ನೂ ತಡೆಯುವುದು. ಮೀಸಲು ನೆಲದ ಸ್ವಾಮ್ಯವು ರಾಜಪೀಠದ್ದು. ಮನೆ ಕೊಂಡವನಿಗೆ ದೊರೆಯುವುದು ಸ್ವಾಧೀನಪತ್ರ. ನಮ್ಮ ವ್ಯವಹಾರಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಭೋಗವುಂಟು, ಸಂಪೂರ್ಣವಾದ ಆಗಮವಿಲ್ಲ. ಆ ಹಕ್ಕನ್ನು ತನ್ನ ಪಂಗಡದವರಿಗಲ್ಲದೆ ಬೇರೆಯವರಿಗೆ ವಹಿಸುವಂತಿಲ್ಲ; ಹೊರಗಿನ ಬ್ಯಾಂಕಿಗೆ ಒತ್ತೆಯಿಡುವಂತೆಯೂ ಇಲ್ಲ. ಆದಕಾರಣ ಮನೆಯ ಸಾಲಕ್ಕೆ ಮಂತ್ರಿಗಳ ಜಾಮೀನು ಬೇಕಾಗುವುದುಂಟು. ತೆರಿಗೆಯಿಲ್ಲದ ಮನೆಯನ್ನು ನೋಡಿ ಅಸೂಯೆಪಡುವವರು ಈ ಕಷ್ಟವನ್ನು ಎಣಿಸುವುದಿಲ್ಲ.

ಇನ್ನೊಂದು ವಿಚಿತ್ರವುಂಟು. ಮೀಸಲು ನೆಲವನ್ನು ಗುತ್ತಿಗೆಗೆ ಪಡೆದು ಮನೆ ಕಟ್ಟಿಕೊಂಡ ಹೊರಗಿನವರು ತೆರಿಗೆ ಕೊಡುತ್ತಿದ್ದರು. ಹಣವು ಹೋಗುತ್ತಿದ್ದುದು ಪ್ರಾಂತ ಸರ್ಕಾರಕ್ಕೋ ನಗರಸಭೆಗೋ! ಬ್ರಿಟಿಷ್ ಕೊಲಂಬಿಯದ ಕಾಮ್‌ಲೂಪ್ಸ್ ಪಂಗಡದ ಮುಖ್ಯಸ್ಥರಾದ ಮ್ಯಾನಿ ಜೂಲ್ಸರು ಇದನ್ನು ವಿರೋಧಿಸಿ ನಡೆಸಿದ ಪ್ರಯತ್ನದಿಂದ 1988ರಲ್ಲಿ ಕಾಯಿದೆಯು ತಿದ್ದುಪಡಿಯಾಗಿ, ಅಂತಹ ಗುತ್ತಿಗೆಯ ನೆಲದಲ್ಲಿಯೂ ತೆರಿಗೆ ವಿಧಿಸುವ ಅಧಿಕಾರವು ಪಂಗಡಗಳಿಗೆ ಸ್ಪಷ್ಟವಾಗಿ ದೊರೆಯಿತು. ತೆರಿಗೆಯನ್ನು ಬಿಡುವ ಮತ್ತು ಹಾಕುವ ಎರಡು ಶಕ್ತಿಗಳೂ ಒಂದೇ ಸಮುದಾಯದಲ್ಲಿ ಸೇರಿದಾಗ ಅದನ್ನು ಅನುಗ್ರಹವೆನ್ನುವುದು ಹೇಗೆ?

ಅದೇ ಪ್ರಾಂತದ ನಿಸ್ಗಾ ಜನರಲ್ಲಿ ಬೇರೊಂದು ದಾರಿ ಕಾಣುವುದು. 2000ನೆಯ ಮೇ 11ರಂದು ಜಾರಿಗೆ ಬಂದ ಒಪ್ಪಂದದಿಂದ ನೆಲದ ಸ್ವಾಮ್ಯವೇ ಅವರಿಗೆ ಬಂದಿತು. ಅದರೊಡನೆಯೇ ವಿನಾಯಿತಿಯು ವ್ಯವಹಾರದ ತೆರಿಗೆಗಳಲ್ಲಿ 8 ವರ್ಷಗಳ ಬಳಿಕವೂ ಉಳಿದವುಗಳಲ್ಲಿ 12 ವರ್ಷಗಳ ಬಳಿಕವೂ ನಿಲ್ಲತಕ್ಕದ್ದೆಂದು ಕರಾರಾಯಿತು. ಸ್ವಾಮ್ಯ ಬೇಕಾದರೆ ಬೇಲಿಯನ್ನು ಬಿಡಬೇಕೆಂಬ ಈ ನೀತಿಯನ್ನು ಕೆನಡಾದ ಕೇಂದ್ರಸರ್ಕಾರವು 2022ರಲ್ಲಿ ಬದಲಾಯಿಸಿ, ಒಪ್ಪಂದ ಮಾಡಿಕೊಳ್ಳುವ ಜನಾಂಗಗಳು ವಿನಾಯಿತಿಯನ್ನು ಉಳಿಸಿಕೊಳ್ಳಬಹುದೆಂದು ಪ್ರಕಟಿಸಿತು.