ಆಷಾಢದ ಸೀರೆ, ಅಕ್ಟೋಬರಿನ ಶಾಲು

ನಮ್ಮ ಮನೆಯಲ್ಲಿ ಒಂಟಿಕೊಪ್ಪಲ್ ಪಂಚಾಂಗವನ್ನು ಎರಡು ಬಗೆಯಲ್ಲಿ ಓದುತ್ತಿದ್ದರು. ಅಪ್ಪ ಒಳಗಿನ ಪುಟಗಳಲ್ಲಿ ತಿಥಿ, ವಾರ, ನಕ್ಷತ್ರ ನೋಡುತ್ತಿದ್ದರು. ಅಮ್ಮ ನೋಡುತ್ತಿದ್ದುದು ಹಿಂದಿನ ರಕ್ಷಾಪುಟದ ಒಳಮೈಯನ್ನು. ಅಲ್ಲಿ ಅವಳೇ ಸೀಸದಕಡ್ಡಿಯಲ್ಲಿ ಬರೆದ ಒಂದು ಪಟ್ಟಿ ಇರುತ್ತಿತ್ತು. ಶಿವರಾತ್ರಿ ಕಳೆದ ಮೇಲೆ ಹುಣಸೆಹಣ್ಣು, ಬೇಸಿಗೆಯಲ್ಲಿ ಒಣಮೆಣಸಿನಕಾಯಿ, ಆಷಾಢದಲ್ಲಿ ಸೀರೆ, ಪಿತೃಪಕ್ಷದಲ್ಲಿ ಪಾತ್ರೆ, ಗಾಂಧಿ ಜಯಂತಿಗೆ ಖಾದಿ, ದಸರಾ ವಸ್ತುಪ್ರದರ್ಶನದ ಕೊನೆಯ ದಿನ ಜಮಖಾನ, ಸುಗ್ಗಿಯಲ್ಲಿ ರಾಗಿ. ಯುಗಾದಿಗೆ ಹೊಸ ಪಂಚಾಂಗ ಬಂದಾಗ ಅಪ್ಪ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ಪೂಜೆ ಮಾಡುತ್ತಿದ್ದರು. ಪೂಜೆ ಮುಗಿದ ಮೇಲೆ ಅಮ್ಮ ಹಳೆಯದರಿಂದ ಹೊಸದಕ್ಕೆ ಪಟ್ಟಿಯನ್ನು ನಕಲು ಮಾಡುತ್ತಿದ್ದಳು. ಯಾವುದು ಹೆಚ್ಚು ಪವಿತ್ರವಾಗಿತ್ತೋ ನಾನು ಹೇಳಲಾರೆ.

ಅಪ್ಪ ಮೈಸೂರಿನಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟರು. ಒಂದನೆಯ ತಾರೀಖು ಬಂದ ಸಂಬಳ ಹದಿನೈದರ ಹೊತ್ತಿಗೆ ಕಣ್ಮರೆಯಾಗುತ್ತಿತ್ತು. ಉಳಿದ ಹದಿನೈದು ದಿನ ನಮ್ಮ ಸಂಸಾರ ನಡೆಯುತ್ತಿದ್ದುದು ಅಮ್ಮನ ಆ ಪಟ್ಟಿಯಿಂದ. ಈಗ ನನಗೂ ವಯಸ್ಸಾಗಿದೆ. ಅಂಗಡಿ ಬೀದಿಯಲ್ಲಿ ರಿಯಾಯಿತಿಯ ಬೋರ್ಡು ಕಂಡಾಗಲೆಲ್ಲ ಆ ಪಟ್ಟಿ ನೆನಪಾಗುತ್ತದೆ. ಅದಕ್ಕೆ ಅದರದೇ ಆದ ಒಂದು ಚರಿತ್ರೆ ಇದೆ ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ಅದರ ಮೊದಲ ಭಾಗ ಬಲು ಹಳೆಯದು. ಫಸಲು ಬಂದಾಗ ಕೊಳ್ಳಬೇಕು, ಮುಗಿದಾಗ ಕೊಳ್ಳಬಾರದು. ಹುಣಸೆಹಣ್ಣು ಮರದಿಂದ ಇಳಿಯುವ ಕಾಲದಲ್ಲಿ ಅದನ್ನು ಕೊಂಡು, ನಾರು ಬೀಜ ತೆಗೆದು, ಉಪ್ಪು ಬೆರೆಸಿ ಜಾಡಿಗೆ ತುಂಬಿದವಳು ಮಳೆಗಾಲದಲ್ಲಿ ಅಂಗಡಿಯ ಮುಂದೆ ನಿಲ್ಲಬೇಕಾಗಿಲ್ಲ. ಆಗ ರಿಯಾಯಿತಿ ಕೊಡುತ್ತಿದ್ದುದು ಋತು, ಅಂಗಡಿಯವನಲ್ಲ. ಅಂಗಡಿಯವನು ಕೊಡುತ್ತಿದ್ದುದು ಕೊಸರು. ಸೇರು ಅಳೆದ ಮೇಲೆ ಒಂದು ಹಿಡಿ, ಮೊಳ ಅಳೆದ ಮೇಲೆ ನಾಲ್ಕು ಬೆರಳು. ಬೆಲೆ ಇಳಿಸಿದರೆ ಮರ್ಯಾದೆಗೆ ಕಡಿಮೆ ಎಂದುಕೊಳ್ಳುವ ವ್ಯಾಪಾರಿಯೂ ಕೊಸರು ಕೊಡಲು ಹಿಂದೆಗೆಯುತ್ತಿರಲಿಲ್ಲ.

ಪಟ್ಟಿಯ ಎರಡನೆಯ ಭಾಗ ಪಂಚಾಂಗವನ್ನೇ ತಲೆಕೆಳಗಾಗಿ ಓದಿದ್ದು. ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಹೊಸದಾಗಿ ಮದುವೆಯಾದ ಹೆಣ್ಣು ತವರಿಗೆ ಹೋಗುತ್ತಾಳೆ. ಮೈಸೂರಿನಲ್ಲಿ ಆ ತಿಂಗಳ ಶುಕ್ರವಾರಗಳಂದು ಜನವೆಲ್ಲ ಚಾಮುಂಡಿ ಬೆಟ್ಟದ ಮೇಲೆ. ಜವಳಿ ಅಂಗಡಿಯಲ್ಲಿ ನೊಣ ಓಡಿಸುವ ಗುಮಾಸ್ತ ಮಾತ್ರ. ಮದುವೆಯ ಕಾಲಕ್ಕೆಂದು ಸಾಲ ಮಾಡಿ ತರಿಸಿದ ಸರಕು ಬೀರುವಿನಲ್ಲಿ ಕುಳಿತಿರುತ್ತದೆ, ಬಡ್ಡಿ ಓಡುತ್ತಿರುತ್ತದೆ, ಮುಂದೆ ಶ್ರಾವಣದ ಹಬ್ಬಗಳಿಗೆ ಹೊಸ ಸರಕು ಬರಬೇಕು. ಹಾಗಾಗಿ ಬೆಲೆ ಇಳಿಯುತ್ತದೆ. ನಾನು ಹುಡುಗನಾಗಿದ್ದಾಗ ನಮ್ಮ ಬೀದಿಯ ಅಂಗಡಿಗಳಲ್ಲಿ ಇದಕ್ಕೆ ಬೋರ್ಡು ಇರಲಿಲ್ಲ. ಗೊತ್ತಿದ್ದವರು ಹೋಗುತ್ತಿದ್ದರು. ಶೆಟ್ಟರು, ‘ಬನ್ನಿ ತಾಯಿ, ನಿಮಗೇಂತ ಎತ್ತಿಟ್ಟಿದೀನಿ’ ಎನ್ನುತ್ತಿದ್ದರು. ಯಾರಿಗೂ ಏನೂ ಎತ್ತಿಟ್ಟಿರಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಅಕ್ಕನ ಮದುವೆ ಶ್ರಾವಣದಲ್ಲಿ ಗೊತ್ತಾದಾಗ ಅಮ್ಮ ಸೀರೆಗಳನ್ನು ಆಷಾಢದಲ್ಲೇ ತಂದುಬಿಟ್ಟಳು. ಸೋದರತ್ತೆ ಹೌಹಾರಿದರು. ‘ಏನೇ ಇದು, ಶೂನ್ಯಮಾಸದಲ್ಲಿ ಧಾರೆ ಸೀರೆ?’

‘ಧಾರೆ ಆಷಾಢದಲ್ಲಿ ಅಲ್ಲವಲ್ಲ ಅತ್ತಿಗೆ. ಸೀರೆಗೇನು ಮಾಸ ಗೊತ್ತಾಗುತ್ಯೇ?’ ಎಂದಳು ಅಮ್ಮ. ಅಕ್ಕ ಈಗ ಅಜ್ಜಿಯಾಗಿದ್ದಾಳೆ. ಸೀರೆ ಇನ್ನೂ ಇದೆ.

ಇದು ನಮ್ಮ ಊರಿನ ಜಾಣತನ ಮಾತ್ರ ಎಂದು ನಾನು ಬಹುಕಾಲ ನಂಬಿದ್ದೆ. ಆಮೇಲೆ ಅಮೆರಿಕದ ಫಿಲಡೆಲ್ಫಿಯಾದ ಜಾನ್ ವಾನಮೇಕರ್ ಎಂಬ ವ್ಯಾಪಾರಿಯ ವಿಷಯ ಓದಿದೆ. ಕ್ರಿಸ್‌ಮಸ್ ಕಳೆದ ಮೇಲೆ ಜನವರಿಯಲ್ಲಿ ಅವನ ದೊಡ್ಡ ಅಂಗಡಿ ಖಾಲಿ ಹೊಡೆಯುತ್ತಿತ್ತು. 1878ರ ಜನವರಿಯಲ್ಲಿ ಅವನು ಹಾಸಿಗೆಯ ದುಪ್ಪಟಿ, ದಿಂಬಿನ ಚೀಲ ಮೊದಲಾದ ಬಿಳಿಯ ಬಟ್ಟೆಗಳನ್ನು ಇಳಿಸಿದ ಬೆಲೆಗೆ ಮಾರಲು ತೊಡಗಿದ. ‘ಬಿಳಿ ಮಾರಾಟ’ ಎಂದೇ ಅದಕ್ಕೆ ಹೆಸರಾಯಿತು. ಚೌಕಾಸಿ ಬೇಡ, ಬೆಲೆ ಚೀಟಿಯಲ್ಲಿ ಬರೆದಿದೆ ಎಂದು ಸಾರಿದ ವ್ಯಾಪಾರಿಗಳಲ್ಲಿ ಅವನೂ ಒಬ್ಬ. ಬೆಲೆ ಒಂದೇ ಎಂದು ಗೊತ್ತುಮಾಡಿದ ಮೇಲೆ ತಾನೆ ಅದನ್ನು ಇಳಿಸಿದ್ದೇನೆಂದು ಡಂಗುರ ಹೊಡೆಯಲು ಸಾಧ್ಯ! ಅವರ ಜನವರಿ, ನಮ್ಮ ಆಷಾಢ. ಎರಡೂ ಕಡೆ ಗಿರಾಕಿಯ ಕೈಯಲ್ಲಿ ಇದ್ದ ಬಂಡವಾಳ ಒಂದೇ: ಕಾಯುವ ಶಕ್ತಿ.

ಗಾಂಧಿ ಜಯಂತಿಯ ರಿಬೇಟಿನ ಕಥೆಯೇ ಬೇರೆ. 1925ರಲ್ಲಿ ಗಾಂಧೀಜಿ ಅಖಿಲ ಭಾರತ ಚರಕಾ ಸಂಘವನ್ನು ಸ್ಥಾಪಿಸಿದರು. 1927ರಲ್ಲಿ ಅವರು ನಂದಿಬೆಟ್ಟದಲ್ಲಿ ವಿಶ್ರಾಂತಿಗೆ ಬಂದಿದ್ದಾಗಲೂ ಖಾದಿಯ ಮಾತು ಬಿಡಲಿಲ್ಲ. ಕೈಯಲ್ಲಿ ನೂತು ಕೈಯಲ್ಲಿ ನೇಯ್ದ ಬಟ್ಟೆ ಗಿರಣಿ ಬಟ್ಟೆಗಿಂತ ದುಬಾರಿ. ಬೆಲೆ ನೋಡಿ ಕೊಳ್ಳಬೇಡಿ, ನೂತವಳನ್ನು ನೆನೆದು ಕೊಳ್ಳಿ ಎಂಬುದು ಅವರ ವಾದದ ಸಾರ. ಸ್ವಾತಂತ್ರ್ಯ ಬಂದ ಮೇಲೆ ಎಲ್ಲರಿಂದಲೂ ಅಷ್ಟು ನಿರೀಕ್ಷಿಸುವುದು ಕಷ್ಟವಾಯಿತು. 1953ರಲ್ಲಿ ಅಖಿಲ ಭಾರತ ಖಾದಿ ಮತ್ತು ಗ್ರಾಮೋದ್ಯೋಗ ಮಂಡಳಿ ಬಂತು, 1957ರಲ್ಲಿ ಅದರ ಕೆಲಸ ಖಾದಿ ಆಯೋಗಕ್ಕೆ ಹೋಯಿತು. ಬೆಲೆಯ ವ್ಯತ್ಯಾಸದಲ್ಲಿ ಒಂದು ಪಾಲನ್ನು ಸರ್ಕಾರವೇ ತುಂಬಿಕೊಡುವ ಪದ್ಧತಿ ರೂಢಿಯಾಯಿತು. ಅಕ್ಟೋಬರ್ 2 ಬಂತೆಂದರೆ ಖಾದಿ ಭಂಡಾರದ ಮುಂದೆ ಸಾಲು. ನೂತವಳನ್ನು ನೆನೆದು ಕೊಳ್ಳುವವರು ವರ್ಷವೆಲ್ಲ ಬರುತ್ತಿದ್ದರು. ಉಳಿದ ನಾವು ಅಕ್ಟೋಬರಿನಲ್ಲಿ.

ಅಪ್ಪ ಖಾದಿಯನ್ನಲ್ಲದೆ ಬೇರೆ ತೊಡುತ್ತಿರಲಿಲ್ಲ. ಆದರೆ ಆ ಸಾಲಿನಲ್ಲೂ ಅವರೇ ಮೊದಲು. ಅವರಿಗೆ ಗೂರಲಿತ್ತು. 1968ರ ಆಷಾಢದಲ್ಲಿ ಗಾಳಿಯ ಜೊತೆ ಜಡಿಮಳೆ ಹಿಡಿಯಿತು. ಹಳೆಯ ಉಣ್ಣೆಶಾಲು ಹರಿದು ಜಾಲರಿಯಾಗಿತ್ತು. ಹೊಸದಕ್ಕೆ ನಲವತ್ತು ರೂಪಾಯಿ. ಅಮ್ಮ ತನ್ನ ಸಾಸಿವೆ ಡಬ್ಬಿಯ ಹಣ ತೆಗೆದು ಎದುರಿಗಿಟ್ಟಳು.

‘ಇನ್ನು ಎರಡೂವರೆ ತಿಂಗಳು ತಾನೆ? ಎಂಟು ರೂಪಾಯಿ ಉಳಿಯುತ್ತೆ,’ ಎಂದರು ಅಪ್ಪ. ‘ನಿನ್ನ ಪಟ್ಟಿಯಲ್ಲೇ ಬರೆದಿದೆಯಲ್ಲ.’

ಅಮ್ಮನಿಗೆ ಉತ್ತರ ಹೊಳೆಯಲಿಲ್ಲ. ಅವಳದೇ ಪಟ್ಟಿ ಅದು.

ಶ್ರಾವಣದಲ್ಲಿ ಅಪ್ಪ ಹಾಸಿಗೆ ಹಿಡಿದರು. ರಾತ್ರಿಯೆಲ್ಲ ಗೋಡೆಗೊರಗಿ ಕುಳಿತು ಉಸಿರಿಗಾಗಿ ಒದ್ದಾಡುತ್ತಿದ್ದರು. ಒಂದು ರಾತ್ರಿ ಡಾಕ್ಟರನ್ನು ಕರೆತರಲು ನಾನು ಸೈಕಲ್ಲಿನಲ್ಲಿ ಮಳೆಯಲ್ಲೇ ಹೋದೆ. ಹಿಂದಿರುಗುವಾಗ ಮನೆಯಲ್ಲಿ ದೀಪ ಉರಿಯುತ್ತಿರುವುದನ್ನು ದೂರದಿಂದ ಕಂಡು, ಅದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ತಿಳಿಯದೆ ಕಾಲು ನಡುಗಿದ್ದು ಇಂದಿಗೂ ನೆನಪಿದೆ. ಮೂರು ವಾರದ ಮೇಲೆ ಅವರು ಎದ್ದು ಓಡಾಡಿದರು. ಗಾಂಧಿ ಜಯಂತಿಗೆ ಶಾಲು ಬಂತು. ಅಪ್ಪ ಅದನ್ನು ಹತ್ತೊಂಬತ್ತು ವರ್ಷ ಹೊದೆದರು.

ಆ ವರ್ಷದ ಪಂಚಾಂಗ ನನ್ನ ಬಳಿ ಇದೆ. ಹಿಂದಿನ ರಕ್ಷಾಪುಟದಲ್ಲಿ ಅಮ್ಮನ ಕೈಬರಹ: ‘ಶಾಲು, ಉಳಿತಾಯ 8. ಡಾಕ್ಟರು ಔಷಧಿ 31.’ ಅದರ ಕೆಳಗೆ ಒಂದು ಗೆರೆ ಎಳೆದು ಹೊಸ ತಲೆಬರಹ ಹಾಕಿದ್ದಾಳೆ: ‘ಕಾಯಬಾರದ್ದು.’ ಔಷಧಿ, ಕೊಡೆ, ಚಪ್ಪಲಿ, ಮಕ್ಕಳ ಪುಸ್ತಕ, ಇವರ ಉಣ್ಣೆ ಬಟ್ಟೆ. ಅಲ್ಲಿಂದ ಮುಂದೆ ಪ್ರತಿ ಯುಗಾದಿಗೂ ಅವಳು ಎರಡು ಪಟ್ಟಿಗಳನ್ನು ನಕಲು ಮಾಡಿದಳು.

ಮೂರನೆಯ ಪಟ್ಟಿಯೊಂದು ಇರಬೇಕಾಗಿತ್ತು ಎಂದು ನನಗೆ ಅನಿಸಿದ್ದು 1983ರಲ್ಲಿ. ನೌಕರಿಯ ಮೇಲೆ ಒಂದು ಹಳ್ಳಿಗೆ ಹೋಗಿದ್ದಾಗ ಅಲ್ಲಿನ ನೂಲುವ ಕೇಂದ್ರದೊಳಗೆ ಇಣುಕಿದೆ. ಹತ್ತಾರು ಹೆಂಗಸರು ಅಂಬರ ಚರಕದ ಮುಂದೆ ಕುಳಿತಿದ್ದರು. ನಮ್ಮ ಮನೆಯ ಖಾದಿಭಕ್ತಿಯನ್ನು ಕೊಚ್ಚಿಕೊಳ್ಳುವ ಉಮೇದಿನಲ್ಲಿ, ಪ್ರತಿವರ್ಷ ರಿಬೇಟಿನಲ್ಲಿ ಕೊಳ್ಳುತ್ತೇವೆ ಎಂದೆ. ಒಬ್ಬ ಹಿರಿಯಳು ಲಡಿ ಸುತ್ತುವುದನ್ನು ನಿಲ್ಲಿಸದೆ ಹೇಳಿದಳು: ‘ನೀವು ಕಾಯ್ತೀರಿ ಬುದ್ಧಿ, ಕಾದ್ರೆ ನಿಮಗೆ ಉಳೀತದೆ. ನಾವೂ ಕಾಯ್ತೀವಿ. ಸರಕು ಹೋಗಬೇಕು, ರಿಬೇಟಿನ ಕಾಸು ಮೇಲಿಂದ ಬರಬೇಕು, ಆಮೇಲೆ ನಮ್ಮ ಕೂಲಿ. ನಮಗೇನೂ ಉಳಿಯಾಕಿಲ್ಲ.’

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಸಮಾಧಾನ ಹೇಳಿ ಪಾರಾಗುತ್ತಿದ್ದೆ. 2010ರಲ್ಲಿ ಕೇಂದ್ರ ಸರ್ಕಾರ ಮಾರಾಟದ ಮೇಲಿನ ರಿಬೇಟನ್ನು ಬಿಟ್ಟು, ಉತ್ಪಾದನೆಯ ಮೇಲೆ ನೆರವು ಕೊಡುವ ಪದ್ಧತಿಗೆ ಬಂತು. ಅದರಲ್ಲಿ ನೂಲುವವರಿಗೂ ನೇಯುವವರಿಗೂ ಒಂದು ಪಾಲು ಗೊತ್ತುಮಾಡಿದರು. ಆ ಸುದ್ದಿ ಓದಿದಾಗ ನನಗೆ ನೆನಪಾದದ್ದು ಆ ಹೆಂಗಸು.

ಕೂಪನ್ನಿನ ವಿಷಯ ಹೇಳದಿದ್ದರೆ ಅಮ್ಮನಿಗೆ ಅನ್ಯಾಯ ಮಾಡಿದಂತಾಗುತ್ತದೆ. ಈ ಮಾತು ಫ್ರೆಂಚ್ ಭಾಷೆಯದು. ‘ಕತ್ತರಿಸು’ ಎಂಬ ಕ್ರಿಯಾಪದದಿಂದ ಬಂದದ್ದು. 19ನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಕೋಕಾಕೋಲ ವ್ಯಾಪಾರಿಗಳು ‘ಒಂದು ಲೋಟ ಪುಕ್ಕಟೆ’ ಎಂಬ ಚೀಟಿಗಳನ್ನು ಹಂಚಿ ಜನಕ್ಕೆ ರುಚಿ ಹತ್ತಿಸಿದರು. ಅಮ್ಮನ ತಲೆಮಾರಿಗೆ ಮಾತ್ರ ಚೀಟಿ ಎಂದರೆ ಯುದ್ಧಕಾಲದ ನೆನಪು. ಇಂಗ್ಲೆಂಡಿನಲ್ಲಿ 1941ರಿಂದ 1949ರವರೆಗೆ ಕೂಪನ್ ಇಲ್ಲದೆ ಬಟ್ಟೆ ಸಿಗುತ್ತಿರಲಿಲ್ಲ. ನಮ್ಮಲ್ಲೂ 1943ರಲ್ಲಿ ಬಟ್ಟೆಯ ಮೇಲೆ ನಿಯಂತ್ರಣ ಬಂತು. ಅಂಥ ಕಾಲ ಕಂಡವಳಿಗೆ, ಚಹದ ಪೊಟ್ಟಣದೊಳಗೆ ‘ಹತ್ತು ಕೂಪನ್ನಿಗೆ ಒಂದು ಸ್ಟೀಲ್ ಚಮಚ’ ಎಂದು ಬಂದಾಗ ನಂಬಿಕೆ ಹುಟ್ಟಲಿಲ್ಲ. ನಾವು ಮಕ್ಕಳು ಹಟ ಹಿಡಿದೆವು. ತಲೆತಲಾಂತರದಿಂದ ಕಾಫಿ ಕುಡಿಯುತ್ತಿದ್ದ ಮನೆ ನಾಲ್ಕು ತಿಂಗಳು ಚಹ ಕುಡಿಯಿತು. ಚಮಚ ಬಂತು. ಅಮ್ಮ ಅದನ್ನು ತಿರುಗಿಸಿ ನೋಡಿ, ‘ಇದರಲ್ಲಿ ಏನನ್ನ ಕಲಕೋಣ? ಕಾಫಿಯನ್ನೇ ತಾನೆ?’ ಎಂದಳು. ಬೇಡದ್ದನ್ನು ಅಗ್ಗಕ್ಕೆ ಕೊಂಡರೆ ಅದೇ ದುಬಾರಿ ಎಂಬ ಅರ್ಥಶಾಸ್ತ್ರವನ್ನು ನಾನು ಕಲಿತದ್ದು ಆ ಚಮಚದಿಂದ.

ಈಗ ಕಾಲ ಬದಲಾಗಿದೆ. ಬೆಂಗಳೂರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ 2014ರ ಅಕ್ಟೋಬರ್ 6ರಂದು ಒಂದೇ ದಿನದ ಮಹಾಮಾರಾಟ ನಡೆಸಿತು. ಅಂದಿನಿಂದ ದಸರಾ ದೀಪಾವಳಿಯ ಹೊತ್ತಿಗೆ ಅಂಥ ಮಾರಾಟ ವಾಡಿಕೆಯಾಗಿಬಿಟ್ಟಿದೆ. ನನಗೆ ಸೋಜಿಗವೆನಿಸುವುದು ಇದು: ನಮ್ಮ ಕಾಲದಲ್ಲಿ ಯಾರೂ ಕೊಳ್ಳದ ಶೂನ್ಯಮಾಸದಲ್ಲಿ ಬೆಲೆ ಇಳಿಯುತ್ತಿತ್ತು, ಈಗ ಎಲ್ಲರೂ ಕೊಳ್ಳುವ ಹಬ್ಬದಲ್ಲೇ ಇಳಿಯುತ್ತದೆ. ಹಿಂದೆ ಗಿರಾಕಿ ಕಾದರೆ ಲಾಭ. ಈಗ ‘ಇನ್ನು ಎರಡೇ ಗಂಟೆ’ ಎಂದು ಗಡಿಯಾರ ತೋರಿಸಿ ಅವನನ್ನು ಅವಸರಪಡಿಸುತ್ತಾರೆ. ಕಾಯುವ ಶಕ್ತಿಯೇ ನಮ್ಮ ಬಂಡವಾಳ ಎಂದೆನಲ್ಲ, ಅದನ್ನೇ ಕೈಯಿಂದ ಕಿತ್ತುಕೊಂಡಂತೆ.

ಮೊನ್ನೆ ಆಷಾಢದ ಜಡಿಮಳೆಯಲ್ಲಿ ಮೊಮ್ಮಗಳು ತನ್ನ ಫೋನು ತೋರಿಸಿ, ‘ತಾತ, ನಿಮಗೆ ಸ್ವೆಟರ್ ನೋಡಿದೀನಿ. ದಸರಾ ಸೇಲ್‌ನಲ್ಲಿ ಅರ್ಧ ಬೆಲೆಗೆ ಬರತ್ತೆ, ಆಗ ತರಿಸಲಾ?’ ಎಂದಳು. ನನಗೂ ಅಪ್ಪನ ಗೂರಲು ಬಂದಿದೆ. ನಾನು ಬೀರುವಿನಿಂದ 1968ರ ಪಂಚಾಂಗ ತೆಗೆದು, ಹಿಂದಿನ ಪುಟ ತೆರೆದು ಅವಳ ಕೈಗೆ ಕೊಟ್ಟೆ. ಅವಳು ಎರಡು ಸಲ ಓದಿದಳು.

ಸ್ವೆಟರ್ ಮೂರನೆಯ ದಿನ ಮನೆಗೆ ಬಂತು. ಪೂರ್ತಿ ಬೆಲೆಗೆ.